ಕುಮಟಾವೋ ಕುಂದಾಪುರವೋ: ನಿವೃತ್ತಿಗೆ ಕರಾವಳಿ ಹುಡುಕಿದ ಒಂದು ದಂಪತಿಯ ಪ್ರಕರಣ

ನಿವೃತ್ತಿ ಆದಮೇಲೆ ಕರಾವಳಿಗೆ ಹೋಗಿ ನೆಲೆಸಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಹೆಚ್ಚಿನವರು ಡಿಸೆಂಬರಿನಲ್ಲಿ ಹೋಗಿ ಜಾಗ ನೋಡುತ್ತಾರೆ, ಜನವರಿಯಲ್ಲಿ ಅಡ್ವಾನ್ಸ್ ಕೊಡುತ್ತಾರೆ. ಮಳೆಗಾಲ ಅವರಿಗೆ ಎದುರಾಗುವುದು ಗೃಹಪ್ರವೇಶ ಮುಗಿದ ಮೇಲೆ. ಇಲ್ಲಿ ಹೇಳುತ್ತಿರುವ ದಂಪತಿ ಅದೇ ದಾರಿಯಲ್ಲಿ ಅರ್ಧ ಹೋಗಿ, ನಿಂತು, ಮತ್ತೆ ಯೋಚನೆ ಮಾಡಿದವರು. ನಿವೃತ್ತಿಯ ಲೆಕ್ಕಾಚಾರದಲ್ಲಿ ಜನರಿಗೆ ನೆರವಾಗುವ ಕೆಲಸ ನನ್ನದು. ಹಾಗಾಗಿ ಶುರುವಿನಿಂದ ಕೊನೆಯವರೆಗೂ ಅವರ ಜತೆಗಿದ್ದೆ. ಗುರುತು ಸಿಗಬಾರದು ಎಂದು ಊರು, ಕೆಲಸ, ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಗಂಡನನ್ನು ಮ್ಯಾನೇಜರ್ ಎಂದೂ ಹೆಂಡತಿಯನ್ನು ಟೀಚರ್ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಮ್ಯಾನೇಜರ್ ಒಂದು ಸಹಕಾರಿ ಬ್ಯಾಂಕಿನಲ್ಲಿದ್ದವರು, ವಯಸ್ಸು 63. ಟೀಚರ್ ಸರಕಾರಿ ಪ್ರೌಢಶಾಲೆಯಿಂದ ಆಗಷ್ಟೇ ನಿವೃತ್ತಿ ಆಗಿದ್ದರು. ಇಬ್ಬರೂ ಬಯಲುಸೀಮೆಯ ಒಂದು ಊರಿನಲ್ಲಿ ಮೂವತ್ತು ವರ್ಷ ಇದ್ದವರು. ಮಗಳು ಪುಣೆಯಲ್ಲಿ, ಮಗ ಹೊರದೇಶದಲ್ಲಿ. ಟೀಚರಿಗೆ ಸರಕಾರಿ ಪಿಂಚಣಿ ಇದೆ. ಮ್ಯಾನೇಜರಿಗೆ ಬರುವುದು ಪಿಎಫ್ ಕಡೆಯ ಸಣ್ಣ ಪಿಂಚಣಿ ಮತ್ತು ಠೇವಣಿಯ ಬಡ್ಡಿ. ಅವರ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಟೀಚರಿಗೆ ಮಂಡಿನೋವು. ಕಾರು ಓಡಿಸುವುದು ಮ್ಯಾನೇಜರ್ ಒಬ್ಬರೇ. ಈ ಒಂದು ಮಾತು ಮುಂದೆ ಬಹಳ ಮುಖ್ಯವಾಗುತ್ತದೆ.

ಮ್ಯಾನೇಜರಿಗೆ ಕುಮಟಾ ಕಡೆಯ ಸೆಳೆತ. ಅಮ್ಮನ ತವರು ಅಘನಾಶಿನಿ ದಂಡೆಯ ಹಳ್ಳಿ. ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆದಿತ್ತು. ಟೀಚರಿಗೆ ಬ್ರಹ್ಮಾವರದ ಹತ್ತಿರ ದೊಡ್ಡಮ್ಮನ ಮಗಳ ಮನೆ. ಹೀಗೆ ಎರಡು ಪಟ್ಟಿ ಎದುರಾದವು. ಒಂದು ಉತ್ತರ ಕನ್ನಡದ ಕುಮಟಾ–ಹೊನ್ನಾವರ. ಇನ್ನೊಂದು ಉಡುಪಿ ಜಿಲ್ಲೆಯ ಕುಂದಾಪುರ–ಉಡುಪಿ.

ನಕಾಶೆಯಲ್ಲಿ ನೋಡಿದರೆ ಎರಡೂ ಒಂದೇ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಎರಡೂ ಕಡೆ ನಿಲ್ಲುತ್ತದೆ.

ಆದರೆ ಒಳಗೆ ಹೋದರೆ ಬೇರೆ ಬೇರೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಇದು ಸುಮ್ನೆ ಇತಿಹಾಸದ ಮಾತಲ್ಲ. ಇವತ್ತಿಗೂ ಕುಮಟಾದಲ್ಲಿ ಜಾಗ ಕೇಳಿದರೆ ಗುಂಟೆ ಲೆಕ್ಕ, ಕುಂದಾಪುರದಲ್ಲಿ ಸೆಂಟ್ಸ್ ಲೆಕ್ಕ. ಒಂದು ಗುಂಟೆ ಅಂದರೆ ಎರಡೂವರೆ ಸೆಂಟ್ಸ್. ಜಾಗದ ಹಳೆಯ ಕಾಗದಪತ್ರದ ರೀತಿಯೂ ಎರಡು ಕಡೆ ಬೇರೆ. ಕರೆಂಟಿಗೆ ಕುಮಟಾ ಕಡೆ ಹೆಸ್ಕಾಂ, ಕುಂದಾಪುರದ ಕಡೆ ಮೆಸ್ಕಾಂ. ಅಲ್ಲಿ ಹೆಚ್ಚಾಗಿ ವಾಯವ್ಯ ಸಾರಿಗೆಯ ಕೆಂಪು ಬಸ್ಸು, ಇಲ್ಲಿ ಒಂದರ ಹಿಂದೆ ಒಂದು ಖಾಸಗಿ ಬಸ್ಸು.

ಸಮಸ್ಯೆ ಎಲ್ಲಿತ್ತು

ಅವರು ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಅಂಕಪಟ್ಟಿ ಇತ್ತು. ಟೀಚರ್ ಗೆರೆ ಎಳೆದು ಚೆನ್ನಾಗಿ ಮಾಡಿದ್ದರು. ಜಾಗದ ಬೆಲೆ, ಗಾಳಿ, ಶಾಂತಿ, ಆಸ್ಪತ್ರೆ, ಬಸ್ಸು, ನೆಂಟರು, ನೀರು, ಭಾಷೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಅಂಕ. ಕೂಡಿಸಿದರೆ ಎರಡು ಕಡೆಯೂ ಹತ್ತಿರ ಹತ್ತಿರ ಒಂದೇ ಮೊತ್ತ. ಮ್ಯಾನೇಜರ್ ಇದನ್ನು ನೋಡಿ, ‘ಎರಡೂ ಸಮ ಅಂದಮೇಲೆ ಮನಸ್ಸಿಗೆ ಬಂದ ಕಡೆ ಹೋಗೋಣ’ ಅನ್ನುತ್ತಿದ್ದರು. ಅವರ ಮನಸ್ಸು ಯಾವ ಕಡೆ ಇತ್ತು ಅನ್ನುವುದು ಗೊತ್ತೇ ಇದೆಯಲ್ಲ.

ಪಟ್ಟಿಯಲ್ಲಿ ಎರಡು ತೊಂದರೆ ಇದ್ದವು. ಗಾಳಿಗೂ ಆಸ್ಪತ್ರೆಗೂ ಒಂದೇ ತೂಕ ಕೊಟ್ಟಿದ್ದರು. ಗಾಳಿ ಸ್ವಲ್ಪ ಕಮ್ಮಿ ಆದರೆ ಬದುಕು ನಡೆಯುತ್ತದೆ, ಇನ್ನೊಂದು ಕಮ್ಮಿ ಆದರೆ ನಡೆಯದೇ ಹೋಗಬಹುದು. ಮತ್ತೆ, ಎಲ್ಲ ಅಂಕಗಳೂ ಡಿಸೆಂಬರಿನ ಅಂಕಗಳು. ಅವರಿಬ್ಬರೂ ದೊಡ್ಡವರಾದ ಮೇಲೆ ಕರಾವಳಿಯಲ್ಲಿ ಒಂದು ಜುಲೈ ಕಳೆದವರಲ್ಲ.

ಇದರ ನಡುವೆ ಒಬ್ಬ ದಲ್ಲಾಳಿ ಅಘನಾಶಿನಿ ದಂಡೆಯಲ್ಲೇ ಹತ್ತು ಗುಂಟೆ ಜಾಗ ತೋರಿಸಿದ್ದ. ತೆಂಗಿನ ಮರ, ಹಳೆಯ ಹಂಚಿನ ಮನೆ, ಅಂಗಳದಿಂದಲೇ ನದಿ. ಬೆಲೆ ಬಜೆಟ್ಟಿನ ಒಳಗೆ. ‘ಬೇರೆ ಗಿರಾಕಿ ಇದ್ದಾರೆ, ಈ ವಾರ ಹೇಳಿ’ ಎಂಬ ಒತ್ತಡ ಬೇರೆ. ನಾನು ಕೇಳಿಕೊಂಡದ್ದು ಎರಡು ವಿಷಯ. ಅಡ್ವಾನ್ಸ್ ಕೊಡುವ ಮೊದಲು ಕಾಗದಪತ್ರ ವಕೀಲರಿಗೆ ತೋರಿಸಿ. ಎಲ್ಲಿ ಕೊಂಡರೂ ಸರಿ, ಅದಕ್ಕೂ ಮೊದಲು ಒಂದು ಮಳೆಗಾಲ ಬಾಡಿಗೆಗೆ ಇರಿ. ಮ್ಯಾನೇಜರಿಗೆ ಎರಡನೆಯದು ಇಷ್ಟವಾಗಲಿಲ್ಲ. ಟೀಚರ್ ಹಿಡಿದ ಹಟಕ್ಕೆ ಒಪ್ಪಿದರು.

ನದಿ ದಂಡೆಯ ಜಾಗ

ವಕೀಲರು ಪಹಣಿ ನೋಡಿದ ಕೂಡಲೇ ಮೊದಲ ಗಂಟು ಸಿಕ್ಕಿತು. ಜಂಟಿ ಖಾತೆ, ಆರು ಹೆಸರು. ಅದರಲ್ಲಿ ಇಬ್ಬರು ತೀರಿಹೋಗಿದ್ದರು, ಪೌತಿ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರಲಿಲ್ಲ. ಸರ್ವೆ ನಂಬರಿನ ಒಂದು ತುಂಡನ್ನು ಮಾರಬೇಕಾದರೆ 11ಇ ನಕ್ಷೆ ಬೇಕು, ಅದೂ ಇರಲಿಲ್ಲ. ದಲ್ಲಾಳಿ ತೋರಿಸಿದ ಹತ್ತು ಗುಂಟೆಯಲ್ಲಿ ಹಿಂಬದಿಯ ಸ್ವಲ್ಪ ಭಾಗ ಪಹಣಿಯಲ್ಲೇ ಇರಲಿಲ್ಲ. ಅದು ಅತಿಕ್ರಮಣದ ಜಾಗ. ಉತ್ತರ ಕನ್ನಡದಲ್ಲಿ ಅರಣ್ಯ ಅತಿಕ್ರಮಣ ದಶಕಗಳ ಕಗ್ಗಂಟು. ಅಲ್ಲಿನವರು ಅದರ ಜತೆ ಬದುಕುತ್ತಾರೆ. ಹೊರಗಿನಿಂದ ಬಂದು 63ನೇ ವಯಸ್ಸಿನಲ್ಲಿ ಅದನ್ನು ತಲೆಗೆ ಕಟ್ಟಿಕೊಳ್ಳುವುದು ಬೇರೆ ಮಾತು.

ಎರಡನೆಯದು ಸಿಆರ್‌ಝಡ್. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಲ್ಲಿ ಬಂತು, 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆ ಆಯಿತು. ಜನ ಇದು ಕಡಲ ತೀರಕ್ಕೆ ಮಾತ್ರ ಅಂದುಕೊಳ್ಳುತ್ತಾರೆ. ಹಾಗಲ್ಲ. ಭರತ ಇಳಿತ ಮುಟ್ಟುವಷ್ಟು ದೂರದವರೆಗೆ ನದಿ, ಹಿನ್ನೀರು, ಉಪ್ಪುನೀರಿನ ತೊರೆಗೂ ಇದು ಅನ್ವಯ. 2019ರ ಪ್ರಕಾರ ಕಡಲ ಬದಿಯಲ್ಲಿ ಭರತ ರೇಖೆಯಿಂದ 500 ಮೀಟರ್, ಇಂಥ ನದಿಗಳ ಬದಿಯಲ್ಲಿ 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟು. ಹಳ್ಳಿಗಾಡಿನಲ್ಲಿ ನದಿ ಬದಿಯ ಆ 50 ಮೀಟರಿನೊಳಗೆ ಹೊಸ ಕಟ್ಟಡ ಏಳಿಸುವಂತಿಲ್ಲ. ಮ್ಯಾನೇಜರಿಗೆ ಇಷ್ಟವಾಗಿದ್ದ ಅಂಗಳ, ಹಳೇ ಮನೆ ಎಲ್ಲ ಅದರೊಳಗೇ ಇದ್ದವು. ಹಳೇ ಮನೆ ಕೆಡವಿ ದೊಡ್ಡದು ಕಟ್ಟುವ ಯೋಚನೆ ಅಲ್ಲಿಗೇ ನಿಂತಿತು.

ಇಷ್ಟಾದರೂ ಮ್ಯಾನೇಜರ್ ಬಿಟ್ಟಿರಲಿಲ್ಲ. ‘ಪೌತಿ ಮಾಡಿಸಬಹುದು, ಹಳೇ ಮನೆ ರಿಪೇರಿ ಮಾಡಿಕೊಳ್ಳೋಣ’ ಅಂದರು. ಬಿಡಿಸಿದ್ದು ಬಾವಿ. ಮೇ ತಿಂಗಳಲ್ಲಿ ಇಬ್ಬರೂ ಮತ್ತೆ ಹೋದರು. ಟೀಚರ್ ಬಾವಿಯಿಂದ ಒಂದು ಕೊಡ ಸೇದಿ ಕೈ ತೊಳೆದರು. ಸೋಪು ಉಜ್ಜಿದಷ್ಟೂ ನೊರೆ ಬರಲಿಲ್ಲ. ಒಂದು ಕ್ಯಾನ್ ತುಂಬಿಕೊಂಡು ಬಂದು ಅದರಲ್ಲಿ ಬೇಳೆ ಬೇಯಿಸಲು ನೋಡಿದರು, ಬೇಳೆ ಹಾಗೇ ಕಾಳುಕಾಳಾಗಿ ಉಳಿಯಿತು. ಪಕ್ಕದ ಮನೆಯ ಹಿರಿಯ ಹೆಂಗಸು ಮುಚ್ಚಿಡದೆ ಹೇಳಿದರು: ಶಿವರಾತ್ರಿ ಕಳೆದ ಮೇಲೆ ಮಳೆ ಬೀಳುವವರೆಗೆ ಈ ಸಾಲಿನ ಬಾವಿಗಳೆಲ್ಲ ಉಪ್ಪು, ಕುಡಿಯಲು ಮೇಲಿನ ಗುಡ್ಡದ ಬುಡದ ಬಾವಿಯಿಂದ ಹೊತ್ತು ತರುತ್ತೇವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಸಿಹಿನೀರಿನ ಹರಿವು ಇಳಿದಾಗ ಭರತದ ನೀರು ಒಳಗೆ ನುಗ್ಗುತ್ತದೆ. ಅದೇ ಉಪ್ಪುನೀರಿನಿಂದಲೇ ಅಲ್ಲಿ ಗಜನಿ ಎಂಬ ಉಪ್ಪುನೀರಿನ ಗದ್ದೆ, ಉಪ್ಪು ತಾಳುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು ಎಲ್ಲ ಇರುವುದು. ನೀರಿನ ಪರೀಕ್ಷೆ ಮಾಡಿಸಿದಾಗ ಕ್ಲೋರೈಡ್ ಲೀಟರಿಗೆ 1,000 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 250. ಬೇರೆ ಮೂಲವೇ ಇಲ್ಲ ಅಂದಾಗ ಹೆಚ್ಚೆಂದರೆ 1,000. ಡಿಸೆಂಬರಿನಲ್ಲಿ ಇದೇ ಬಾವಿಯ ನೀರನ್ನು ಇಬ್ಬರೂ ಕುಡಿದು ‘ಎಷ್ಟು ಸಿಹಿ’ ಅಂದಿದ್ದರು.

ಜಾಗ ಕೈಬಿಟ್ಟರು. ಕುಮಟಾ ಕೈಬಿಡಲಿಲ್ಲ. 2024ರ ಜೂನ್ ಮೊದಲ ವಾರ ಊರ ಹೊರವಲಯದಲ್ಲಿ ಬಾಡಿಗೆ ಮನೆ ಹಿಡಿದರು.

ಒಂದು ಮಳೆಗಾಲ

ಮೊದಲ ಎರಡು ವಾರ ಇಬ್ಬರಿಗೂ ಖುಷಿ. ಬಯಲುಸೀಮೆಯವರಿಗೆ ಅಂಥ ಮಳೆ ನೋಡುವುದೇ ಹಬ್ಬ. ಆಮೇಲೆ ಸಣ್ಣ ಸಣ್ಣ ಸಂಗತಿಗಳು ಶುರುವಾದವು. ಬಟ್ಟೆ ಒಣಗಲಿಲ್ಲ. ಬೀರುವಿನಲ್ಲಿದ್ದ ಬೆಲ್ಟು, ಚೀಲಗಳ ಮೇಲೆ ಬೂಷ್ಟು ಬಂತು. ಮರ ಬಿದ್ದು ಕರೆಂಟು ಹೋದರೆ ಇನ್‌ವರ್ಟರ್ ಸಂಜೆಯವರೆಗೆ ಬರುತ್ತಿರಲಿಲ್ಲ. ಇವೆಲ್ಲ ಉಡುಪಿ ಕಡೆಯೂ ಇರುವವೇ. ಇದನ್ನು ಕುಮಟಾದ ದೋಷ ಅನ್ನಲಾಗದು.

ಟೀಚರಿಗೆ ಕಷ್ಟ ಕೊಟ್ಟದ್ದು ಮೆಟ್ಟಿಲು. ರಸ್ತೆಯಿಂದ ಮನೆಗೆ ಚಿರೆಕಲ್ಲಿನ ನಾಲ್ಕು ಮೆಟ್ಟಿಲು. ಬಾಡಿಗೆ ಮಾತಾಡುವಾಗ ಯಾರ ಕಣ್ಣಿಗೂ ಅವು ಬಿದ್ದಿರಲಿಲ್ಲ. ಜೂನ್ ಕೊನೆಗೆ ಅವುಗಳ ಮೇಲೆ ಪಾಚಿ ಕಟ್ಟಿತು. ಮ್ಯಾನೇಜರ್ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿಪೊರಕೆಯಿಂದ ಉಜ್ಜುತ್ತಿದ್ದರು. ಮೂರು ದಿನಕ್ಕೆ ಮತ್ತೆ ಹಸಿರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯಬೇಕು. ಜುಲೈ ಹೊತ್ತಿಗೆ ಟೀಚರ್ ಪೇಟೆಗೆ ಹೋಗುವುದನ್ನೇ ಕಡಿಮೆ ಮಾಡಿದರು. ಮಹಿಳೆಯರಿಗೆ ಕೆಂಪು ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ. ಆದರೆ ಅವರ ಓಣಿಯ ಕಡೆ ಬರುವ ಬಸ್ಸೇ ಬೆಳಗ್ಗೆ ಒಂದು, ಸಂಜೆ ಒಂದು.

ಇದರ ಜತೆಗೆ ಅಲ್ಲಿ ಸಿಕ್ಕಿದ್ದನ್ನೂ ಹೇಳಬೇಕು. ಎದುರು ಮನೆಯವರು ಎರಡನೇ ದಿನವೇ ಬಂದು ಮಾತಾಡಿಸಿದ್ದರು. ಮ್ಯಾನೇಜರಿಗೆ ಬಾಲ್ಯದ ಊರಿನ ಮಾತು, ನದಿ, ಗ್ರಂಥಾಲಯ, ಸಂಜೆ ಹರಟೆಗೆ ನಾಲ್ಕು ಜನ. ಅವರು ಹತ್ತು ವರ್ಷ ಚಿಕ್ಕವರಾದ ಹಾಗೆ ಓಡಾಡುತ್ತಿದ್ದರು ಎಂದು ಟೀಚರೇ ಹೇಳಿದ್ದಾರೆ.

ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಜನ ಸತ್ತರು, ಲಾರಿ ಗಂಗಾವಳಿ ನದಿ ಪಾಲಾಯಿತು. ದಿನಗಟ್ಟಲೆ ರಸ್ತೆ ಬಂದ್. ಜಿಲ್ಲೆಯ ಸರಕಾರಿ ಮೆಡಿಕಲ್ ಕಾಲೇಜು ಇರುವುದು ಕಾರವಾರದಲ್ಲಿ. ಕುಮಟಾದಿಂದ ಕಾರವಾರಕ್ಕೆ ಹೋಗುವ ನೇರ ದಾರಿಯೇ ಅದು. ಆಗಸ್ಟ್ 7ರಂದು ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆಯೂ ಕುಸಿಯಿತು. ಗೋವಾ ಕಡೆಗೆ ಹೋಗುವವರಿಗೆ ಅಲ್ಲೂ ತಡೆ. ಉತ್ತರಕ್ಕೆ ಹೋಗುವ ದಾರಿಯನ್ನು ಮಳೆಗಾಲದಲ್ಲಿ ನೆಚ್ಚುವಂತಿಲ್ಲ ಅನ್ನುವುದು ಅವರಿಗೆ ಆ ತಿಂಗಳು ಚೆನ್ನಾಗಿ ಅರ್ಥವಾಯಿತು.

ಆಗಸ್ಟಿನ ಒಂದು ರಾತ್ರಿ, ಹನ್ನೊಂದರ ಹೊತ್ತಿಗೆ ಮ್ಯಾನೇಜರಿಗೆ ಎದೆ ಹಿಡಿದಂತಾಯಿತು. ಬೆವರು. ಟೀಚರ್ 108ಕ್ಕೆ ಫೋನ್ ಮಾಡಿದರು. ಎದುರು ಮನೆಯ ಹುಡುಗ ಬೈಕಿನಲ್ಲಿ ಹೆದ್ದಾರಿಯವರೆಗೆ ಹೋಗಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಿದ. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಮಾತ್ರೆ ಕೊಟ್ಟು, ಸ್ಟೆಂಟ್ ಇರುವುದರಿಂದ ಹೃದ್ರೋಗ ತಜ್ಞರ ಹತ್ತಿರ ಹೋಗುವುದೇ ಒಳ್ಳೆಯದು ಅಂದರು. ಅಲ್ಲಿಂದ ಮಣಿಪಾಲಕ್ಕೆ ಹೆಚ್ಚುಕಡಿಮೆ 145 ಕಿಲೋಮೀಟರ್. ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ ದಾಟಿ, ಮಳೆಯಲ್ಲಿ. ಮುಟ್ಟಿದಾಗ ಬೆಳಗಿನ ಜಾವ ನಾಲ್ಕು ಕಳೆದಿತ್ತು. ಇದೇ ದಾರಿಯಲ್ಲಿ 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡಿದ್ದರು. ಟೀಚರ್ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ಕೂತಿದ್ದರಂತೆ. ಉತ್ತರ ಕನ್ನಡಕ್ಕೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಆ ಕೂಗು ಎಷ್ಟು ನ್ಯಾಯದ್ದು ಅನ್ನುವುದು ಇಂಥ ಒಂದು ರಾತ್ರಿ ಕಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೃಷ್ಟಕ್ಕೆ ಹೊಸ ಬ್ಲಾಕ್ ಇರಲಿಲ್ಲ. ಮೂರನೇ ದಿನ ಡಿಸ್ಚಾರ್ಜ್ ಅಂದರು.

ಪ್ರಶ್ನೆ ಬದಲಾದದ್ದು

ಈ ಪ್ರಕರಣದ ತಿರುವು ಆ ರಾತ್ರಿಯದು ಎಂದು ಕೇಳಿದವರೆಲ್ಲ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತಿರುವು ಬಂದದ್ದು ಮಾರನೇ ದಿನ.

ಪುಣೆಯಿಂದ ಮಗಳು ಬಂದು ಅಪ್ಪನ ಹತ್ತಿರ ನಿಂತಳು. ಬಾಗಿಲು ಸರಿಯಾಗಿ ಹಾಕದೆ ಬಂದಿದ್ದ ಟೀಚರ್, ಬಟ್ಟೆ ಮತ್ತು ವಿಮೆ ಕಾಗದ ತರಲು ಒಬ್ಬರೇ ರೈಲು ಹತ್ತಿ ಕುಮಟಾಕ್ಕೆ ಹೋದರು. ಸ್ಟೇಷನ್ನಿನಿಂದ ಆಟೋ ಸಿಗಲು ತಡವಾಯಿತು. ಮನೆಯಲ್ಲಿ ಕರೆಂಟಿಲ್ಲ. ಮೊಬೈಲ್ ಬೆಳಕಲ್ಲಿ ಆ ನಾಲ್ಕು ಮೆಟ್ಟಿಲು ಹತ್ತಿದರು. ರಾತ್ರಿ ಒಬ್ಬರೇ ಮಲಗಿದರು. ಬೆಳಗ್ಗೆ ಎದುರು ಮನೆಯವರು ತಿಂಡಿ ತಂದುಕೊಟ್ಟರು, ಬಸ್ ಸ್ಟ್ಯಾಂಡಿಗೆ ಬಿಟ್ಟರು. ಯಾರೂ ಕೈಬಿಡಲಿಲ್ಲ. ಆದರೂ ಮ್ಯಾನೇಜರ್ ಮನೆಗೆ ಬಂದ ಮೇಲೆ ಟೀಚರ್ ಒಂದು ಮಾತು ಕೇಳಿದರು.

‘ನಮ್ಮಿಬ್ಬರಲ್ಲಿ ಒಬ್ಬರು ಮೊದಲು ಹೋಗ್ತೀವಿ ಅಲ್ವಾ? ಉಳಿದವರು ಈ ಮನೇಲಿ ಹೇಗಿರ್ತಾರೆ?’

ಅಲ್ಲಿಯವರೆಗೆ ಪ್ರಶ್ನೆ ಇದ್ದದ್ದು ‘ನಮ್ಮಿಬ್ಬರಿಗೆ ಯಾವ ಕಡೆ ಚೆಂದ’ ಅಂತ. ಅದು ಅರವತ್ತರ ಆಸುಪಾಸಿನ, ಇಬ್ಬರೂ ಗಟ್ಟಿ ಇರುವ ಕೆಲವು ವರ್ಷಗಳ ಪ್ರಶ್ನೆ. ಆಮೇಲಿನ ಹತ್ತು ಹದಿನೈದು ವರ್ಷ ಯಾರೋ ಒಬ್ಬರು ಒಂಟಿಯಾಗಿ ಕಳೆಯಬೇಕಾಗಬಹುದು. ಮನೆ ಕೊಳ್ಳುವುದು ಆ ವರ್ಷಗಳಿಗೂ ಸೇರಿಸಿ ತಾನೇ? ಇದನ್ನು ಬಾಯಿಬಿಟ್ಟು ಆಡಲು ನಮ್ಮಲ್ಲಿ ಹಿಂಜರಿಕೆ ಜಾಸ್ತಿ, ಅಪಶಕುನ ಅನ್ನುತ್ತೇವೆ. ಟೀಚರ್ ಹಿಂಜರಿಯಲಿಲ್ಲ.

ಹಳೇ ಅಂಕಪಟ್ಟಿ ಬಿಟ್ಟೆವು. ಎರಡು ಹಾಳೆ ತೆಗೆದುಕೊಂಡೆವು. ಒಂದರ ಮೇಲೆ ‘ಟೀಚರ್ ಒಬ್ಬರೇ ಉಳಿದರೆ’ ಎಂದು ಬರೆದರು. ಇನ್ನೊಂದರ ಮೇಲೆ ‘ಮ್ಯಾನೇಜರ್ ಒಬ್ಬರೇ ಉಳಿದರೆ’.

ಟೀಚರ್ ಒಬ್ಬರೇ ಉಳಿದರೆ ದುಡ್ಡಿನ ತೊಂದರೆ ಇಲ್ಲ, ಪಿಂಚಣಿ ಪೂರ್ತಿ ಬರುತ್ತದೆ. ಕಾರು ಮಾತ್ರ ನಿಂತುಹೋಗುತ್ತದೆ. ಹಾಗಾಗಿ ನಡೆದು ಮುಟ್ಟುವ ಬಸ್ ಸ್ಟಾಪ್ ಬೇಕು, ಅಲ್ಲಿ ಗಂಟೆಗೆ ಒಂದಲ್ಲ, ಕೆಲವು ನಿಮಿಷಕ್ಕೊಂದು ಬಸ್ಸು ಬೇಕು. ಮೆಟ್ಟಿಲಿಲ್ಲದ ಮನೆ ಬೇಕು. ಕರೆದರೆ ಕೇಳಿಸುವಷ್ಟು ಹತ್ತಿರ ಇನ್ನೊಂದು ಮನೆ ಇರಬೇಕು.

ಮ್ಯಾನೇಜರ್ ಒಬ್ಬರೇ ಉಳಿದರೆ ಲೆಕ್ಕ ತಿರುಗುತ್ತದೆ. ಟೀಚರಿನ ಪಿಂಚಣಿ ಹೋಗಿ ಕುಟುಂಬ ಪಿಂಚಣಿ ಬರುತ್ತದೆ. ಅದು ಚಿಕ್ಕದು. ಆಗ ದೊಡ್ಡ ಮನೆ, ತೋಟ, ಆಳುಗಳ ಖರ್ಚು ಹೊರೆ. ಹೃದಯದ ಆಸ್ಪತ್ರೆ ಒಂದು ಗಂಟೆಯೊಳಗೆ ಸಿಗಬೇಕು. ಮತ್ತೆ ಅವರಿಗೆ ಜನ ಬೇಕು. ದಿನಕ್ಕೆ ನಾಲ್ಕು ಜನರ ಜತೆ ಮಾತಾಡದಿದ್ದರೆ ಅವರು ಕುಗ್ಗಿಹೋಗುತ್ತಾರೆ. ಇದನ್ನು ಬರೆಸಿದ್ದು ಟೀಚರ್.

ಆಸ್ಪತ್ರೆ ದೂರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಲಕ್ಷಣ ಕಂಡ ಹೊತ್ತಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಅದರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಆ ಆಗಸ್ಟ್ ರಾತ್ರಿಯ ಪ್ರಯಾಣವನ್ನು ಇದರ ಪಕ್ಕ ಇಟ್ಟು ನೋಡಿದರೆ ಹೆದರಿಕೆ ಹುಟ್ಟುತ್ತದೆ, ಮಣಿಪಾಲ ಮುಟ್ಟುವ ಮೊದಲೇ ಆ ಮಿತಿ ದಾಟಿಹೋಗಿರುತ್ತಿತ್ತು.

ಉಡುಪಿ ಪರೀಕ್ಷೆ

ಈಗ ತೀರ್ಮಾನ ಸುಲಭ, ಮಣಿಪಾಲದ ಪಕ್ಕಕ್ಕೆ ಹೋಗಿಬಿಡೋಣ ಎಂದು ಮಗ ಫೋನಿನಲ್ಲಿ ಹೇಳಿದ. 1953ರಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗಿನಿಂದ ಬೆಳೆದ ಊರು ಅದು. ಉಡುಪಿಗೆ ಐದಾರು ಕಿಲೋಮೀಟರ್. ಅಕ್ಟೋಬರಿನಲ್ಲಿ ಅಲ್ಲೇ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದರು. ಲಿಫ್ಟ್ ಇದೆ, ಜನರೇಟರ್ ಇದೆ, ಹತ್ತು ನಿಮಿಷಕ್ಕೆ ಆಸ್ಪತ್ರೆ.

ಟೀಚರಿನ ಹಾಳೆ ಇಲ್ಲಿ ಪಾಸಾಯಿತು. ಮ್ಯಾನೇಜರಿನದು ಆಗಲಿಲ್ಲ. ಆ ಕಟ್ಟಡದಲ್ಲಿ ಇದ್ದವರೆಲ್ಲ ವಿದ್ಯಾರ್ಥಿಗಳು, ಪಾಳಿಯಲ್ಲಿ ದುಡಿಯುವವರು. ಹಗಲು ಬಾಗಿಲುಗಳೆಲ್ಲ ಮುಚ್ಚಿರುತ್ತಿದ್ದವು. ಪೇಟೆಗೆ ಹೋದರೆ ಎಲ್ಲೆಲ್ಲೂ ತುಳು. ಇವರನ್ನು ಕಂಡರೆ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದರು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹರಟೆ ತುಳುವಿನಲ್ಲೇ ಸಾಗುತ್ತಿತ್ತು. ಮ್ಯಾನೇಜರ್ ಪಕ್ಕದಲ್ಲಿ ಕೂತು ನಗುವವರಾದರು, ಮಾತಾಡುವವರಾಗಲಿಲ್ಲ. ಫೆಬ್ರುವರಿ ಹೊತ್ತಿಗೆ ಬೆಳಗಿನ ವಾಕಿಂಗ್ ಬಿಟ್ಟರು. ಏಪ್ರಿಲ್‌ನಲ್ಲಿ ಕಟ್ಟಡಕ್ಕೆ ಟ್ಯಾಂಕರ್ ನೀರು ಬರತೊಡಗಿತು. ಉಡುಪಿ ನಗರ ನೆಚ್ಚಿಕೊಂಡಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು. ಬೇಸಿಗೆ ಕೊನೆಯಲ್ಲಿ ಅಲ್ಲಿ ಮಟ್ಟ ಇಳಿಯುತ್ತದೆ. ಇಷ್ಟು ಮಳೆ ಬೀಳುವ ಊರಲ್ಲೂ ಮೇ ತಿಂಗಳು ಬೇರೆಯೇ ಕಥೆ.

ಇಲ್ಲಿ ನನಗೆ ಮೆಚ್ಚುಗೆಯಾದದ್ದು ಟೀಚರಿನ ನಿಲುವು. ತನ್ನ ಹಾಳೆ ಪಾಸಾಗಿದೆ ಎಂದು ಅವರು ಅಲ್ಲೇ ನಿಲ್ಲಿಸಬಹುದಿತ್ತು. ಆಸ್ಪತ್ರೆ ಎಂಬ ಒಂದೇ ಮಾತಿನಿಂದ ಎಲ್ಲರ ಬಾಯಿ ಮುಚ್ಚಿಸಬಹುದಿತ್ತು. ‘ಇವರನ್ನ ಆಸ್ಪತ್ರೆ ಪಕ್ಕ ಇಟ್ಟು ಬೇಜಾರಿಂದ ಕಾಯಿಲೆ ಬರಿಸೋದು ಬೇಡ’ ಅಂದರು. ಎರಡೂ ಹಾಳೆ ಪಾಸಾಗುವ ಜಾಗ ಹುಡುಕಲು ಮತ್ತೆ ಹೊರಟರು.

ಕುಂದಾಪುರದ ಕಡೆ

ಕುಂದಾಪುರದಿಂದ ಉಡುಪಿ 40 ಕಿಲೋಮೀಟರಿಗಿಂತ ಕಡಿಮೆ. ಹೆದ್ದಾರಿಯಲ್ಲಿ ಖಾಸಗಿ ಬಸ್ಸುಗಳು ಬೆಳಗಿನಿಂದ ರಾತ್ರಿವರೆಗೆ ಓಡುತ್ತಲೇ ಇರುತ್ತವೆ. ಇವುಗಳಲ್ಲಿ ಶಕ್ತಿ ಯೋಜನೆ ಇಲ್ಲ, ಟೀಚರ್ ಟಿಕೆಟ್ ಕೊಳ್ಳಬೇಕು. ಕೊಳ್ಳುತ್ತೇನೆ, ಬಸ್ಸು ಬಂದರೆ ಸಾಕು ಅಂದರು. ಮಾತು ಕುಂದಗನ್ನಡ. ಮೊದಮೊದಲು ಅರ್ಧ ಅರ್ಥವಾಗದಿದ್ದರೂ ಅದು ಕನ್ನಡವೇ. ಮ್ಯಾನೇಜರ್ ಒಂದು ಅಂಗಡಿ ಜಗಲಿಯಲ್ಲಿ ಅರ್ಧ ಗಂಟೆ ಕೂತು ಬಂದವರು ಮುಖ ಅರಳಿಸಿಕೊಂಡು, ‘ಇಲ್ಲಿ ಆಗಬಹುದು’ ಅಂದರಂತೆ.

ಮೊದಲು ಇಷ್ಟವಾದ ಮನೆಯ ಹಳೇ ಪತ್ರದಲ್ಲಿ ‘ಮೂಲಗೇಣಿ’ ಎಂಬ ಪದ ಸಿಕ್ಕಿತು. ಕುಮಟಾದ ವಕೀಲರ ಹತ್ತಿರ ಈ ಮಾತು ಬಂದೇ ಇರಲಿಲ್ಲ. ಅವಿಭಜಿತ ದಕ್ಷಿಣ ಕನ್ನಡದ ಹಳೇ ಶಾಶ್ವತ ಗೇಣಿ ಅದು. ಗೇಣಿದಾರ ತಲೆಮಾರುಗಳಿಂದ ಮನೆ ಕಟ್ಟಿ ಇರುತ್ತಾನೆ, ಮೂಲ ಒಡೆತನದ ಎಳೆ ಇನ್ನೊಬ್ಬರ ಕೈಯಲ್ಲಿ ಇರುತ್ತದೆ. ಇಂಥ ಗೇಣಿದಾರರಿಗೆ ಒಡೆತನ ಕೊಡಲು ರಾಜ್ಯ 2011ರ ಕಾಯ್ದೆ ತಂದಿದೆ. ಈ ಮನೆಯವರು ಆ ಕೆಲಸ ಮುಗಿಸಿಕೊಂಡಿರಲಿಲ್ಲ. ಮುಗಿಸಿ ಬನ್ನಿ ಎಂದು ಹೇಳಿ ಮುಂದೆ ಹೋದರು. ಒಂದು ಜಿಲ್ಲೆಯಲ್ಲಿ ಕಲಿತ ಪಾಠ ಪಕ್ಕದ ಜಿಲ್ಲೆಗೆ ಹಾಗೇ ಒಗ್ಗುವುದಿಲ್ಲ. ಆಯಾ ತಾಲೂಕಿನ ಕೋರ್ಟಿನಲ್ಲಿ ಓಡಾಡುವ ವಕೀಲರನ್ನೇ ಹಿಡಿಯಬೇಕು.

ಕೊನೆಗೆ ಸಿಕ್ಕಿದ್ದು ಏಳು ಸೆಂಟ್ಸಿನಲ್ಲಿ ಎರಡು ಕೋಣೆಯ ಮನೆ. ಕಡಲೂ ಕಾಣುವುದಿಲ್ಲ, ಹೊಳೆಯೂ ಕಾಣುವುದಿಲ್ಲ. ಬಸ್ ಸ್ಟಾಪಿಗೆ ಐದು ನಿಮಿಷದ ನಡಿಗೆ. ಎರಡೂ ಬದಿಗೆ ಮನೆಗಳು, ಒಂದರಲ್ಲಿ ನಿವೃತ್ತ ದಂಪತಿ. ಹೊಸ್ತಿಲು ಬಿಟ್ಟರೆ ಮೆಟ್ಟಿಲಿಲ್ಲ. ಬಾವಿ ನೀರನ್ನು ಮೇ ಕೊನೆಯ ವಾರ ಪರೀಕ್ಷೆ ಮಾಡಿಸಿದರು. ಮಿತಿಯೊಳಗಿತ್ತು. ಬೆಲೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿತು. ಬಯಲುಸೀಮೆಯಲ್ಲಿದ್ದ ಒಂದು ಸೈಟು ಮಾರಿ ಹೊಂದಿಸಿದರು. ಮನೆ ಇಬ್ಬರ ಹೆಸರಿಗೂ ನೋಂದಣಿ ಆಯಿತು, ಉಯಿಲನ್ನೂ ಜತೆಯಲ್ಲೇ ಬರೆಸಿದರು.

ಆಮೇಲೆ

2025ರ ಮಳೆಗಾಲವನ್ನು ಅಲ್ಲೇ ಕಳೆದರು. ಬೂಷ್ಟು ಇಲ್ಲೂ ಬಂತು, ಕರೆಂಟು ಇಲ್ಲೂ ಹೋಯಿತು. ಆದರೆ ಟೀಚರ್ ಆ ಜುಲೈನಲ್ಲಿ ಮಂಡಿ ತೋರಿಸಲು ಒಬ್ಬರೇ ಬಸ್ಸಿನಲ್ಲಿ ಉಡುಪಿಗೆ ಹೋಗಿ ಬಂದರು. ಮ್ಯಾನೇಜರ್ ಮನೆಯಲ್ಲೇ ಇದ್ದರು. ಬೇಕೆಂದೇ ಹಾಗೆ ಮಾಡಿದ್ದು, ಒಂಟಿ ಓಡಾಟದ ಅಭ್ಯಾಸಕ್ಕೆ. ಮ್ಯಾನೇಜರ್ ವಾರಕ್ಕೆ ಮೂರು ದಿನ ಅಡುಗೆ ಮಾಡುವುದನ್ನು ಕಲಿಯುತ್ತಿದ್ದಾರೆ. ಅದೂ ಆ ಎರಡನೇ ಹಾಳೆಯಿಂದಲೇ ಬಂದದ್ದು.

ಈ ಪ್ರಕರಣ ಓದಿ ಕುಮಟಾ ಬೇಡ, ಕುಂದಾಪುರ ಬೇಕು ಎಂದು ಯಾರೂ ತೀರ್ಮಾನಿಸಬಾರದು. ಹೃದಯ ಗಟ್ಟಿ ಇದ್ದು, ಇಬ್ಬರೂ ವಾಹನ ಓಡಿಸುವವರಾಗಿದ್ದು, ಕುಮಟಾದಲ್ಲೇ ಒಡಹುಟ್ಟಿದವರು ಇರುವ ಇನ್ನೊಂದು ದಂಪತಿಗೆ ಅದೇ ಎರಡು ಹಾಳೆ ಕುಮಟಾವನ್ನೇ ತೋರಿಸಬಹುದು. ಅವರಿಗೆ ನಾನು ಅಲ್ಲಿಗೇ ಹೋಗಿ ಅನ್ನುತ್ತೇನೆ. ಈಗ ಯಾರೇ ಬಂದರೂ ನಾನು ಮೊದಲು ಕೊಡುವುದು ಆ ಎರಡು ಖಾಲಿ ಹಾಳೆ. ಜಾಗದ ಮಾತು ಆಮೇಲೆ. ಕೆಲವರಿಗೆ ತುಂಬಲು ವಾರಗಳೇ ಹಿಡಿಯುತ್ತವೆ. ಗಂಡ ಹೆಂಡತಿ ಒಬ್ಬರ ಹಾಳೆಯನ್ನು ಇನ್ನೊಬ್ಬರು ತುಂಬಿದರೆ ನಿಜ ಜಾಸ್ತಿ ಬರುತ್ತದೆ ಅನ್ನುವುದನ್ನೂ ಈ ದಂಪತಿಯಿಂದಲೇ ನೋಡಿದೆ. ಟೀಚರ್ ಬರೆಸಿದ ‘ಇವರಿಗೆ ಜನ ಬೇಕು’ ಎಂಬ ಸಾಲನ್ನು ಮ್ಯಾನೇಜರ್ ತಾವಾಗಿ ಎಂದೂ ಬರೆಯುತ್ತಿರಲಿಲ್ಲ.

ಮ್ಯಾನೇಜರಿಗೆ ನದಿಯ ಕೊರಗು ಹೋಗಿಲ್ಲ. ಅದಕ್ಕೆ ಡಿಸೆಂಬರ್, ಜನವರಿ ಎರಡು ತಿಂಗಳು ಕುಮಟಾದಲ್ಲಿ ಅದೇ ಎದುರು ಮನೆಯವರ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿಯುವ ಮಾತಾಗಿದೆ. ಮಹಡಿಗೆ ಹೊರಗಿನಿಂದ ಮೆಟ್ಟಿಲು. ಕೈಹಿಡಿ ಹಾಕಿಸಿಕೊಟ್ಟರೆ ಬರುತ್ತೇನೆ ಎಂದು ಟೀಚರ್ ಹೇಳಿ ಕಳಿಸಿದ್ದಾರೆ.